ಮೆಟ್ರೋ ಹಳದಿ ಮಾರ್ಗಕ್ಕೆ ನಮ್ಮ ಟಿಟಿ (ಟೆಂಪೋ ಟ್ರಾವೆಲರ್): ನನ್ನ ಅನುಭವ

"ಸರ್, ಕೆಳಗೆ ಕಾರು ನಿಂತಿರುವಾಗ ನಿಮ್ಮ ಟಿಟಿಗೆ ಯಾರು ಕಾಯ್ತಾರೆ?" ಅಪಾರ್ಟ್‌ಮೆಂಟ್ ಕಮಿಟಿ ಮೀಟಿಂಗ್‌ನಲ್ಲಿ ಎಲ್ಲರದ್ದೂ ಇದೇ ಮಾತು. ಈಗ ಅದಕ್ಕೆ 46 ಮಂದಿ ತಿಂಗಳ ಪಾಸ್ ಮಾಡಿಸಿದ್ದಾರೆ.

2025ರ ಆಗಸ್ಟ್‌ನಲ್ಲಿ ಬೆಂಗಳೂರಿನ ಆರ್.ವಿ. ರೋಡ್–ಬೊಮ್ಮಸಂದ್ರ ಹಳದಿ ಮಾರ್ಗದ ಮೆಟ್ರೋ ಶುರುವಾಯಿತಲ್ಲ, ಅದರ ಬೆನ್ನಲ್ಲೇ ‘ಹೊಸ ರೋಡ್’ ಅನ್ನುವ ಸ್ಟೇಷನ್‌ಗೆ ಗಾಡಿ ಬಿಟ್ಟೆ. ಚೂಡಸಂದ್ರ ಕಡೆಯ ಮೂರು ಅಪಾರ್ಟ್‌ಮೆಂಟ್. ಹಳದಿ ಬೋರ್ಡ್, 12 ಸೀಟು, ಡ್ರೈವರ್, ಡೀಸೆಲ್ ಎಲ್ಲ ಸೇರಿ ತಿಂಗಳಿಗೆ ಸುಮಾರು 58 ಸಾವಿರ.

ಮೊದಲ ತಿಂಗಳು ಪೂರ್ತಿ ಎಡವಟ್ಟು. ಆಗ ಇದ್ದದ್ದು ಮೂರೇ ರೈಲು, 25 ನಿಮಿಷಕ್ಕೊಂದು. ರೈಲಿನ ಟೈಮಿಗೆ ಸರಿಯಾಗಿ ಗಾಡಿ ತಲುಪಿಸಲು ಹೊರಟೆ. ಆದರೆ ಮೂರು ಗೇಟಿನ ಒಳಗೂ ಹೋಗಿ, "ಲಿಫ್ಟ್‌ನಲ್ಲಿದ್ದೀನಿ, ಒಂದೇ ನಿಮಿಷ" ಅನ್ನುವವರಿಗೆ ಕಾದು ಹೊರಡುವಷ್ಟರಲ್ಲಿ ರೈಲು ಹೋಗಿರುತ್ತಿತ್ತು. ಪ್ಲಾಟ್‌ಫಾರಂನಲ್ಲಿ 25 ನಿಮಿಷ ನಿಂತವರು ಮಾರನೇ ದಿನ ಕಾರು ತೆಗೆದರು. ಅವರದ್ದೇನು ತಪ್ಪು? ಟ್ರಿಪ್ಪಿಗೆ 30 ರೂಪಾಯಿ ಇಟ್ಟಿದ್ದೆ. ಮಳೆ ಬಂದ ದಿನ ಗಾಡಿ ತುಂಬುತ್ತಿತ್ತು, ಮಿಕ್ಕ ದಿನ ಖಾಲಿ. ಎರಡು ತಿಂಗಳಲ್ಲಿ ಕೈಯಿಂದ ಹೋದದ್ದು 40 ಸಾವಿರದ ಹತ್ತಿರ. ಮನೆಯಲ್ಲಿ ಮಾತು ಕೇಳಬೇಕಾಯಿತು.

ನಡುವೆ ನಾಲ್ಕು ಹಳೇ ಸೈಕಲ್ಲೂ ಕೊಂಡೆ. ಒಂದು ವಾರ ಉತ್ಸಾಹ ಇತ್ತು. ಆಮೇಲೆ ಆ ಧೂಳು, ಆ ಗುಂಡಿ, ಯಾರೂ ಮುಟ್ಟಲಿಲ್ಲ. ಈಗ ಸೆಕ್ಯೂರಿಟಿಯವರು ಓಡಿಸುತ್ತಾರೆ.

ಮೂರನೇ ತಿಂಗಳು ಎರಡು ಬದಲಾವಣೆ ಮಾಡಿದೆ. ಗೇಟಿನೊಳಗೆ ಹೋಗುವುದು ಬಂದ್. ಮೂರೂ ಅಪಾರ್ಟ್‌ಮೆಂಟ್‌ಗೆ ರಸ್ತೆಯಲ್ಲಿ ಒಂದೇ ಸ್ಟಾಪ್. ಟೈಮ್ ಆದರೆ ಒಬ್ಬರೂ ಇಲ್ಲದಿದ್ದರೂ ಗಾಡಿ ಹೊರಡಬೇಕು. ಖಾಲಿ ಗಾಡಿ ಹೋಗುವುದನ್ನು ನೋಡಿ ನಕ್ಕವರೇ ಎರಡು ವಾರದ ನಂತರ ಐದು ನಿಮಿಷ ಮೊದಲೇ ಬಂದು ನಿಂತರು. ಟ್ರಿಪ್ ಲೆಕ್ಕ ಬಿಟ್ಟು 1,500 ರೂಪಾಯಿ ಪಾಸ್ ಮಾಡಿದೆ. ದುಡ್ಡು ಮೊದಲೇ ಕೊಟ್ಟವರು ಸುಮ್ನೆ ಕಾರು ತೆಗೆಯುವುದಿಲ್ಲ. ಅಷ್ಟರಲ್ಲಿ ರೈಲುಗಳೂ ಜಾಸ್ತಿಯಾಗಿ ಅಂತರ 15 ನಿಮಿಷಕ್ಕೆ ಇಳಿಯಿತು, ರೈಲಿನ ಟೈಮ್ ನೋಡುವ ಗೋಜೇ ಹೋಯಿತು.

ಗಾಡಿ ಬಿಡುವವರಿಗೆ ಒಂದು ಮಾತು: ಬೆಳಗಿನದಕ್ಕಿಂತ ಸಂಜೆಯ ಟ್ರಿಪ್ ಮುಖ್ಯ. ರಾತ್ರಿ ಒಂಬತ್ತಕ್ಕೆ ಸ್ಟೇಷನ್ ಕೆಳಗೆ ಗಾಡಿ ಇದ್ದೇ ಇರುತ್ತೆ ಅನ್ನುವ ಧೈರ್ಯ ಬಂದರೆ ಮಾತ್ರ ಬೆಳಿಗ್ಗೆ ಕಾರು ಬಿಟ್ಟು ಬರುತ್ತಾರೆ. ನಮ್ಮ ಗಾಡಿ ಅಲ್ಲಿ ಎಲ್ಲಿ ನಿಲ್ಲುತ್ತೆ ಅಂತ ಮಾತ್ರ ಹೇಳುವುದಿಲ್ಲ. ಆ ಜಾಗ ಹುಡುಕಲು ನನಗೆ ಒಂದು ತಿಂಗಳು ಹಿಡಿದಿದೆ.

ಈಗ ತಿಂಗಳಿಗೆ ಹತ್ತು ಸಾವಿರದಷ್ಟು ಉಳಿಯುತ್ತೆ. ಎರಡನೇ ಟಿಟಿಗೆ ಅಡ್ವಾನ್ಸ್ ಕಟ್ಟಿದ್ದು ಕಮಿಟಿಯೇ.