ಕೊನೆ ಗೊತ್ತಿದ್ದೂ ಪ್ರೇಮ ಕಾದಂಬರಿ ಓದುವುದು ಹೇಗೆ?

ನಾನು ಮೊದಲು ಕೊನೆಯ ಪುಟವನ್ನೇ ಓದುತ್ತೇನೆ. ನಗಬೇಡಿ. ಇಬ್ಬರೂ ಒಂದಾಗುತ್ತಾರೆ ಅಂತ ಮುಖಪುಟ ನೋಡಿದರೇ ಗೊತ್ತಾಗುತ್ತದೆ, ಅಲ್ವಾ? ಆ ಚಿಂತೆ ಕಳೆದರೆ ಹೇಗೆ ಒಂದಾಗುತ್ತಾರೆ ಅನ್ನುವುದನ್ನು ಆರಾಮಾಗಿ ನೋಡಬಹುದು.

ಕೈಯಲ್ಲೊಂದು ಪೆನ್ಸಿಲ್ ಇರಲಿ. ಮೊದಲ ಭೇಟಿಯ ಜಗಳ ಯಾವುದಕ್ಕೆ ಅಂತ ಅಂಚಿನಲ್ಲಿ ಗುರುತು ಹಾಕಿ. ಬರೆದವರು ಜಾಣರಾದರೆ ಕೊನೆಯ ರಾಜಿಯೂ ಅಲ್ಲಿಗೇ ಬಂದು ನಿಲ್ಲುತ್ತದೆ. ಈಚೆಗೆ ಓದಿದ ಒಂದರಲ್ಲಿ ಅವನು ಅವಳ ಕೊಡೆಯನ್ನು ತನ್ನದೆಂದು ಎತ್ತಿಕೊಂಡು ಹೋಗಿದ್ದ. ಇನ್ನೂರು ಪುಟ ಕಳೆದ ಮೇಲೆ, ಮುರಿದ ಕಡ್ಡಿಗೆ ಹೊಸದು ಹಾಕಿಸಿ ತಂದುಕೊಟ್ಟ. ಕ್ಷಮಿಸು ಅನ್ನಲೇ ಇಲ್ಲ. ನನಗೆ ಗಂಟಲು ಕಟ್ಟಿತು.

ನಡುಭಾಗವನ್ನು ಮಾತ್ರ ಓಡಿಸಬೇಡಿ. ಜೇನ್ ಆಸ್ಟಿನ್ ಬರೆದ 1813ರ ಇಂಗ್ಲಿಷ್ ಕಾದಂಬರಿ 'ಪ್ರೈಡ್ ಅಂಡ್ ಪ್ರೆಜುಡಿಸ್'ನಲ್ಲಿ 61 ಅಧ್ಯಾಯಗಳಿವೆ. ನಾಯಕ ಡಾರ್ಸಿ ಮೊದಲ ಸಲ ಮದುವೆ ಪ್ರಸ್ತಾಪ ಎತ್ತುವುದು 34ರಲ್ಲಿ. ನಾಯಕಿ ಎಲಿಜಬೆತ್ ಖಡಾಖಂಡಿತವಾಗಿ ಒಲ್ಲೆ ಅನ್ನುತ್ತಾಳೆ. ಉಳಿದ 27 ಅಧ್ಯಾಯ ಇಬ್ಬರೂ ಬದಲಾಗುವುದಕ್ಕೆ. ಅಸಲು ಮಜಾ ಅಲ್ಲೇ ಇದೆ.

ಪ್ರೇಮ ಕಾದಂಬರಿಗಳಲ್ಲಿ ಸಾಮಾನ್ಯವಾಗಿ ಮುಕ್ಕಾಲು ಪುಸ್ತಕದ ಹೊತ್ತಿಗೆ ಇಬ್ಬರೂ ಬೇರೆಯಾಗುತ್ತಾರೆ. ಆ ಜಾಗದಲ್ಲಿ ದೀಪ ಆರಿಸಬೇಡಿ, ನಿದ್ದೆ ಬರುವುದಿಲ್ಲ. ಕಾರಣ ಅವರ ಸ್ವಭಾವದಲ್ಲೇ ಇದ್ದರೆ ಸರಿ. ಒಂದು ಫೋನ್ ಮಾಡಿದ್ದರೆ ಮುಗಿಯುತ್ತಿದ್ದ ಗೊಂದಲವಾದರೆ ಸುಮ್ನೆ ಪುಟ ಹಾರಿಸಿ, ಪಾಪವೇನೂ ಬರುವುದಿಲ್ಲ.

ಒಟ್ಟಿಗೆ ಮೂರು ಓದಬೇಡಿ, ಸಿಹಿ ಜಾಸ್ತಿಯಾಗುತ್ತದೆ. ನಡುವೆ ಒಂದು ಕೊಲೆ ಕಾದಂಬರಿ ಇರಲಿ.