ಮಳೆಗಾಲಕ್ಕೆ ಮುನ್ನ ಮನೆಯ ಮರವನ್ನು ನೋಡಿಕೊಳ್ಳುವ ಬಗೆ

ತೀರ್ಥಹಳ್ಳಿ ಸೀಮೆಯ ಹೆಂಚಿನ ಮನೆಯೊಂದಕ್ಕೆ ನಾನು ಸೊಸೆಯಾಗಿ ಬಂದು ಐವತ್ತು ವರ್ಷಗಳ ಮೇಲಾಯಿತು. ಕಂಬ, ತೊಲೆ, ಹೆಂಚು ಹೊರುವ ಇಳಿಜಾರು ಪಕಾಸಿ, ಬಾಗಿಲ ಚೌಕಟ್ಟಾದ ದಾರಂದ, ಅಟ್ಟದ ಹಲಗೆ ಎಲ್ಲವೂ ಮರದವೇ ಆಗಿರುವ ಆ ಮನೆಯನ್ನು, ವರ್ಷದಲ್ಲಿ ನಾಲ್ಕು ತಿಂಗಳು ಬಿಡದೆ ಮಳೆ ಸುರಿಯುವ ಊರಿನಲ್ಲಿ ಉಳಿಸಿಕೊಂಡು ಬರುವುದು ಅಡಿಗೆ, ಕೊಟ್ಟಿಗೆಯ ಕೆಲಸಗಳ ಹಾಗೆಯೇ ನಮ್ಮ ಪಾಲಿಗೆ ಬಂದ ಕೆಲಸವಾಗಿತ್ತು. ಈಗ ಬಂಧುಬಳಗದ ಮಕ್ಕಳು ಫೋನ್ ಮಾಡಿ, ಮರಕ್ಕೆ ಹುಳ ಬಿದ್ದಿದೆ, ಯಾವ ಔಷಧಿ ಹೊಡೆಸಬೇಕು ಎಂದು ಕೇಳುತ್ತಾರೆ. ಅವರಿಗೆ ನಾನು ತಿರುಗಿ ಕೇಳುವುದು ಒಂದೇ ಮಾತು: ಅಲ್ಲಿಗೆ ನೀರು ಎಲ್ಲಿಂದ ಬರುತ್ತಿದೆ ಎಂದು ನೋಡಿದಿರಾ?

ಮರ ಕೊಳೆಯುವುದು ವಯಸ್ಸಿನಿಂದಲ್ಲ, ಬೂಷ್ಟಿನ ಜಾತಿಯ ಶಿಲೀಂಧ್ರಗಳಿಂದ. ಮರದಲ್ಲಿರುವ ತೇವ ಅದರ ಒಣ ತೂಕದ ನೂರಕ್ಕೆ 20ರಷ್ಟಕ್ಕಿಂತ ಕಡಿಮೆ ಇದ್ದರೆ ಅವು ಬೆಳೆಯಲಾರವು. ಅವುಗಳಿಗೆ ನೀರಿನ ಜೊತೆಗೆ ಗಾಳಿಯೂ ಬೇಕು. ಬೇಲಿಯ ಗೂಟವನ್ನು ಕಿತ್ತು ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ: ಆಳದಲ್ಲಿದ್ದ ತುದಿಯೂ ಗಟ್ಟಿ, ಮೇಲಿನ ಭಾಗವೂ ಗಟ್ಟಿ, ನೆಲ ಮತ್ತು ಗಾಳಿ ಸೇರುವ ನಾಲ್ಕು ಬೆರಳಿನಷ್ಟು ಜಾಗ ಮಾತ್ರ ಕೊಳೆತು ಲಡ್ಡಾಗಿರುತ್ತದೆ. ಬಾವಿಯ ತಳಕ್ಕೆ ಹಿರಿಯರು ಹಾಕುತ್ತಿದ್ದ ನೆಲ್ಲಿಮರದ ಹಲಗೆ ತಲೆಮಾರುಗಟ್ಟಲೆ ಉಳಿಯುವುದಕ್ಕೂ ಅದು ಸದಾ ಮುಳುಗಿದ್ದು ಗಾಳಿ ಸೋಕದಿರುವುದೇ ಒಂದು ಕಾರಣ. ಆದ್ದರಿಂದ ನೆನೆದು, ಅರೆ ಒಣಗಿ, ಮತ್ತೆ ನೆನೆಯುವ ಜಾಗಗಳು ಮನೆಯಲ್ಲಿ ಎಲ್ಲೆಲ್ಲಿವೆ ಎಂಬುದನ್ನು ಗುರುತು ಹಾಕಿಕೊಂಡರೆ ಮುಕ್ಕಾಲು ಕೆಲಸ ಮುಗಿಯಿತು.

ಅಂಥ ಜಾಗಗಳಲ್ಲಿ ಮೊದಲನೆಯದು ಹೊಸ್ತಿಲು. ನಿತ್ಯ ಬೆಳಿಗ್ಗೆ ನೀರು ಹಾಕಿ ತೊಳೆದು, ಅರಿಶಿನ ಕುಂಕುಮ ಇಟ್ಟು, ರಂಗೋಲಿ ಬರೆಯುವುದು ನಮ್ಮ ಸಂಪ್ರದಾಯ. ಅದನ್ನು ಬಿಡಬೇಕೆಂದು ನಾನು ಹೇಳುವುದಿಲ್ಲ. ಆದರೆ ತಂಬಿಗೆಯ ನೀರನ್ನು ಸುರಿಯುವ ಬದಲು ಹಿಂಡಿದ ಒದ್ದೆ ಬಟ್ಟೆಯಲ್ಲಿ ಒರೆಸಿ, ಆಮೇಲೆ ಒಣ ಬಟ್ಟೆಯಿಂದ ಎರಡು ಮೂಲೆಗಳನ್ನು ಒತ್ತಿ ಒರೆಸಬೇಕು. ದಾರಂದದ ನಿಲುವುಗಳು ಹೊಸ್ತಿಲಿಗೆ ಕೂಡುವ ಆ ಮೂಲೆಯಲ್ಲಿ ಮರದ ಕಡಿದ ತುದಿ ಇರುತ್ತದೆ. ಮರದೊಳಗಿನ ಸಣ್ಣ ನಾಳಗಳೆಲ್ಲ ಬಾಯಿ ತೆರೆದುಕೊಂಡಿರುವುದು ಆ ತುದಿಯಲ್ಲೇ ಆದ್ದರಿಂದ, ಹಲಗೆಯ ಮೈಗಿಂತ ಎಷ್ಟೋ ಪಾಲು ಬೇಗ ಅದು ನೀರು ಹೀರುತ್ತದೆ. ನಮ್ಮ ಮನೆಯ ನಡುಬಾಗಿಲಿನ ದಾರಂದ ಮೇಲಿನಿಂದ ಕನ್ನಡಿಯಂತೆ ಹೊಳೆಯುತ್ತಿದ್ದರೂ ಬುಡದಲ್ಲಿ ಬೆರಳಿಟ್ಟರೆ ಒಳಗೆ ಹೋಗುವಷ್ಟು ಮೆತ್ತಗಾಗಿದ್ದನ್ನು ಕಂಡ ಮೇಲೆಯೇ ನನಗೆ ಈ ಬುದ್ಧಿ ಬಂದದ್ದು. ಬಾಗಿಲಿಗೆ ಬಣ್ಣ ಹೊಡೆಸುವಾಗಲೂ ಇದೇ ಲೆಕ್ಕ: ಕಾಣುವ ಎರಡು ಮುಖಗಳಿಗೆ ಮೂರು ಕೋಟ್ ಕೊಟ್ಟು, ಕಾಣದ ತಲೆ ಮತ್ತು ಅಡಿಯ ಅಂಚುಗಳನ್ನು ಹಾಗೆಯೇ ಬಿಟ್ಟರೆ ಬಚ್ಚಲಿನ ಬಾಗಿಲು ಎರಡೇ ಮಳೆಗಾಲದಲ್ಲಿ ಉಬ್ಬುತ್ತದೆ. ಬಾಗಿಲನ್ನು ಕೀಲಿನಿಂದ ಕಳಚಿಸಿ ಅಡಿಯ ಅಂಚಿಗೆ ಬಣ್ಣ ಹೊಡೆಸಿ. ಬಡಗಿ ಬೇಸರಿಸಿದರೂ ಬಿಡಬೇಡಿ.

ಎರಡನೆಯದು ಮಾಡು, ಅಂದರೆ ಮನೆಯ ಸೂರು. ಒಡೆದ ಒಂದು ಹೆಂಚಿನಿಂದ ಹನಿಯುವ ನೀರು ನೆಲಕ್ಕೆ ಬೀಳದೆ ಹೆಂಚಿನಡಿಯ ರೀಪಿನ ಪಟ್ಟಿಯ ಮೇಲೆ ಹರಿದು, ಪಕಾಸಿಗೆ ಇಳಿದು, ಗೋಡೆಯ ಮೇಲೆ ಕೂತ ತುದಿಯಲ್ಲಿ ನಿಲ್ಲುತ್ತದೆ. ಕೆಳಗೆ ಪಾತ್ರೆ ಇಡುವಂತೆ ಸೋರದಿದ್ದರೆ ನಮಗೆ ಗೊತ್ತೇ ಆಗುವುದಿಲ್ಲ. ರೋಹಿಣಿ ಮಳೆ ಬರುವ ಮೊದಲೇ, ಅಂದರೆ ಮೇ ತಿಂಗಳ ನಡುವಿನೊಳಗೆ ಹೆಂಚು ಕೈಯಾಡಿಸಿ, ಹೆಂಚಿನ ಮೇಲೆ ಕೂತ ದರಗು, ಅಂದರೆ ಒಣಗಿದ ಎಲೆ, ಗುಡಿಸಿ, ಪಕಾಸಿಯ ತುದಿಗಳನ್ನು ಸ್ಕ್ರೂಡ್ರೈವರಿನ ತುದಿಯಿಂದ ಚುಚ್ಚಿ ನೋಡುವುದು ಒಳ್ಳೆಯದು. ಗಟ್ಟಿ ಮರ ಚುಚ್ಚಿಸಿಕೊಳ್ಳುವುದಿಲ್ಲ; ಕೊಳೆಯತೊಡಗಿದ್ದು ಸೀಳದೆ ಸಣ್ಣ ತುಂಡಾಗಿ ಮುರಿಯುತ್ತದೆ. ಕಂಬಗಳ ಬುಡದಲ್ಲಿ ಕಲ್ಲು ಕೂರಿಸುವ ಪದ್ಧತಿ ಇದ್ದದ್ದು ಬರೀ ಅಂದಕ್ಕಲ್ಲ, ನೆಲದ ತೇವ ಮರಕ್ಕೆ ಏರದಿರಲಿ ಎಂದು. ನೆಲಕ್ಕೆ ಟೈಲ್ಸ್ ಹಾಕಿಸುವಾಗ ಆ ಕಲ್ಲನ್ನು ಮುಚ್ಚುವಷ್ಟು ನೆಲವನ್ನು ಎತ್ತರಿಸಿದರೆ, ಒರೆಸಿದ ನೀರೆಲ್ಲ ನೇರವಾಗಿ ಕಂಬದ ಬುಡ ಸೇರುತ್ತದೆ. ಇದನ್ನು ನಾನು ಹಲವು ಮನೆಗಳಲ್ಲಿ ಕಂಡು ಮರುಗಿದ್ದೇನೆ.

ಇನ್ನು ಹುಳಗಳ ವಿಷಯ. ಎಲ್ಲಕ್ಕೂ ಒಂದೇ ಔಷಧಿ ಎಂದು ಹೊರಡುವ ಮೊದಲು ಕೆಳಗೆ ಉದುರಿದ ಪುಡಿಯನ್ನು ಅಂಗೈಯಲ್ಲಿ ಹಾಕಿಕೊಂಡು ನೋಡಬೇಕು. ಮೈದಾಹಿಟ್ಟಿನಂತೆ ನುಣ್ಣಗಿದ್ದು, ಮರದಲ್ಲಿ ಗುಂಡುಸೂಜಿಯ ತಲೆಯಷ್ಟು ತೂತುಗಳಿದ್ದರೆ ಅದು ಕುಟ್ಟೆ ಹುಳ. ಗಸಗಸೆಯಂತೆ ಕಾಳುಕಾಳಾಗಿದ್ದರೆ ಒಣಮರದೊಳಗೇ ಗೂಡು ಮಾಡಿಕೊಳ್ಳುವ ಗೆದ್ದಲು. ಇದು ಕರಾವಳಿಯ ಕಡೆ ಹೆಚ್ಚು. ಪುಡಿಯೇ ಇಲ್ಲದೆ ಗೋಡೆಯ ಮೇಲೆ ಮಣ್ಣಿನ ಗೆರೆ ಹತ್ತಿದ್ದರೆ ನೆಲದಿಂದ ಬಂದ ಗೆದ್ದಲು, ನಮ್ಮಲ್ಲಿ ಹಲವರು ಹೇಳುವ ಒರಲೆ. ಬೆರಳು ತೂರುವಷ್ಟು ದುಂಡನೆಯ ತೂತು, ಒರಟು ಹೊಟ್ಟು ಇದ್ದರೆ ಕಪ್ಪು ದುಂಬಿಯ ಕೆಲಸ. ಅದು ಹೂವುಗಳಿಗೆ ಬೇಕಾದ ಜೀವವಾದ್ದರಿಂದ ಕೊಲ್ಲಬೇಡಿ, ಮರಿಗಳು ಹಾರಿಹೋದ ಮೇಲೆ ತೂತು ಮುಚ್ಚಿ ಬಣ್ಣ ಹೊಡೆದರೆ ಸಾಕು.

ಕುಟ್ಟೆ ಹಿಡಿದದ್ದು ಹಳೆಯದೋ ಹೊಸದೋ ಎಂದು ತಿಳಿಯಲು ಪುಡಿಯನ್ನೆಲ್ಲ ಒರೆಸಿ, ತೂತುಗಳ ಸುತ್ತ ಸೀಮೆಸುಣ್ಣದಿಂದ ಗುರುತು ಹಾಕಿ, ಕೆಳಗೆ ಕಪ್ಪು ಕಾಗದ ಹಾಸಿಡಿ. ಕೆಲವು ವಾರಗಳಾದರೂ ಪುಡಿ ಬೀಳದಿದ್ದರೆ ಹುಳ ಹೊರಟುಹೋಗಿರಬಹುದು, ಸುಮ್ಮನೆ ವಿಷ ಸುರಿಯಬೇಕಿಲ್ಲ. ಬೀಳುತ್ತಿದ್ದರೆ, ಎರಡು ಲೀಟರ್ ಬಿಸಿನೀರಿಗೆ 60 ಗ್ರಾಂ ಬಿಳಿಗಾರ (ಬೋರಾಕ್ಸ್), 40 ಗ್ರಾಂ ಬೋರಿಕ್ ಆಮ್ಲ ಕದಡಿ, ಬಣ್ಣ ವಾರ್ನಿಷ್ ಇಲ್ಲದ ಮೈಗೆ ಬ್ರಷ್‌ನಿಂದ ಎರಡು ಮೂರು ಸಲ ಹಚ್ಚಿ, ತೂತುಗಳಿಗೆ ಸಿರಿಂಜಿನಿಂದ ಬಿಟ್ಟು, ಚೆನ್ನಾಗಿ ಒಣಗಿದ ಮೇಲೆ ಮೇಣದಿಂದ ಮುಚ್ಚಬೇಕು. ವಾರ್ನಿಷ್ ಇದ್ದರೆ ಉಜ್ಜಿ ತೆಗೆಯದೆ ಹಚ್ಚಿದ್ದು ಒಳಗೆ ಇಳಿಯುವುದಿಲ್ಲ. ಈ ದ್ರಾವಣ ಮಳೆಯಲ್ಲಿ ತೊಳೆದುಹೋಗುವುದರಿಂದ ಮನೆಯೊಳಗಿನ ಮರಕ್ಕೆ ಮಾತ್ರ. ಹೊಟ್ಟೆಗೆ ಹೋದರೆ ಅಪಾಯವಾದ್ದರಿಂದ ಮಣೆ, ಲಟ್ಟಣಿಗೆ, ಕಡಗೋಲು, ಮರಿಗೆಗಳಿಗೆ ಎಂದಿಗೂ ಬೇಡ. ಕೈಗೆ ಗವಸು ಹಾಕಿ, ಉಳಿದದ್ದನ್ನು ಮಕ್ಕಳಿಗೆ ಎಟುಕದಂತೆ ಇಡಿ. ಸೀಮೆಎಣ್ಣೆ ಸುರಿಯುವ ಅಭ್ಯಾಸ ಕೆಲವರಿಗಿದೆ. ಅದು ಮೇಲಿದ್ದ ಹುಳವನ್ನು ಕೊಂದು ಆರಿಹೋಗುತ್ತದೆ, ಒಳಗಿನ ಮರಿಗೆ ತಾಗುವುದಿಲ್ಲ, ಬೆಂಕಿಯ ಭಯವೊಂದು ಉಳಿಯುತ್ತದೆ.

ನೆಲದ ಗೆದ್ದಲಿಗೆ ಮಣ್ಣಿನ ಗೆರೆಯನ್ನು ಕೆರೆದು ಹಾಕಿದರೆ ಎರಡು ದಿನದಲ್ಲಿ ಮತ್ತೆ ಕಟ್ಟುತ್ತದೆ, ಏಕೆಂದರೆ ಅದರ ಮನೆ ಇರುವುದು ಮಣ್ಣಿನಲ್ಲಿ, ನಿಮ್ಮ ಬಾಗಿಲಿನಲ್ಲಲ್ಲ. ಗೋಡೆಗೆ ಒತ್ತಿ ಪೇರಿಸಿದ ಸೌದೆ, ಅಡಿಕೆ ಸಿಪ್ಪೆ, ರಟ್ಟಿನ ಡಬ್ಬಗಳನ್ನು ತೆಗೆಯಿರಿ. ಬಚ್ಚಲ ನೀರು ಮನೆಯ ಪಂಚಾಂಗದ (ಅಡಿಪಾಯದ) ಪಕ್ಕ ಇಂಗದಂತೆ ತೋಡು ಮಾಡಿ. ನಾವು ಒಮ್ಮೆ ಪೇಟೆಯಿಂದ ಔಷಧಿ ಹೊಡೆಯುವವರನ್ನು ಕರೆಸಿ, ದುಡ್ಡು ಕೊಟ್ಟು, ಮುಂದಿನ ಮಳೆಗಾಲಕ್ಕೇ ಮತ್ತೆ ಗೆದ್ದಲು ಕಂಡೆವು. ಗೋಡೆಯೊಳಗೆ ಸೋರುತ್ತಿದ್ದ ಪೈಪನ್ನು ಅವರೂ ನೋಡಲಿಲ್ಲ, ನಾವೂ ನೋಡಲಿಲ್ಲ. ಔಷಧಿ ಬೇಕಾದಾಗ ಗೋಡೆಯ ಬುಡದುದ್ದಕ್ಕೂ ಅಡಿಗೊಂದರಂತೆ ತೂತು ಕೊರೆದು ಮಣ್ಣಿಗೇ ಇಳಿಸುವ ಕ್ರಮವಿದೆ, ಅದನ್ನು ಬಲ್ಲವರಿಂದಲೇ ಮಾಡಿಸಬೇಕು; ಬಾವಿ ಹತ್ತಿರವಿದ್ದರೆ ಮೊದಲೇ ಹೇಳಬೇಕು.

ನಮ್ಮ ಅಡಿಗೆಮನೆಯ ಪಕಾಸಿಗಳಿಗೆ ದಶಕಗಳ ಕಾಲ ಹುಳದ ಕಾಟವೇ ಇರಲಿಲ್ಲ. ಗ್ಯಾಸ್ ಬಂದು ಒಲೆ ಆರಿದ ಕೆಲವು ವರ್ಷಗಳಲ್ಲೇ ಅಟ್ಟದಿಂದ ಹಿಟ್ಟು ಉದುರತೊಡಗಿತು. ಒಲೆಯ ಬಿಸಿ ಮರವನ್ನು ಒಣಗಿಸಿಡುತ್ತಿತ್ತು, ಹೊಗೆಯ ಕರಿ ಮೇಲೊಂದು ಹೊದಿಕೆಯಾಗಿತ್ತು. ಮತ್ತೆ ಹೊಗೆಯೊಲೆಗೆ ಮರಳಿ ಎಂದು ನಾನು ಹೇಳಲಾರೆ, ಅದು ನಮ್ಮ ಕಣ್ಣು ಮತ್ತು ಎದೆಗೆ ಮಾಡಿದ್ದನ್ನು ಮರೆತಿಲ್ಲ. ಆದರೆ ಒಲೆ ತೆಗೆದ ಮನೆಯಲ್ಲಿ ಅಟ್ಟಕ್ಕೆ ಗಾಳಿಯಾಡಲು ಒಂದು ಗವಾಕ್ಷಿಯನ್ನಾದರೂ ಬಿಡಬೇಕು, ವರ್ಷಕ್ಕೊಮ್ಮೆ ಪಕಾಸಿಯನ್ನು ನೋಡಬೇಕು.

ಹೊಸ ಮರ ಕೊಳ್ಳುವಾಗ ಜಾತಿಯ ಹೆಸರನ್ನು ಮಾತ್ರ ಕೇಳಿದರೆ ಸಾಲದು. ಸಾಗುವಾನಿಯೇ ಆದರೂ ನಡುವಿನ ಕೆಚ್ಚಿಗಷ್ಟೇ ತಡೆಯುವ ಗುಣ. ಸುತ್ತಲಿನ ಬಿಳಿ ಭಾಗದಲ್ಲಿ ಹುಳಕ್ಕೆ ಬೇಕಾದ ಪಿಷ್ಟ ತುಂಬಿರುತ್ತದೆ. ಕೆಚ್ಚಿರುವ ಹಲಸು, ಹೊನ್ನೆಗಳು ದಾರಂದಕ್ಕೆ ಒಳ್ಳೆಯವು; ಮಾವು, ಸಿಲ್ವರ್ ಓಕ್ ಹಲಗೆಗಳನ್ನು ಔಷಧಿ ಹಾಕದೆ ಬಳಸಬಾರದು. ಹಸಿ ಹಲಗೆಗಳನ್ನು ನೆರಳಿನಲ್ಲಿ, ನೆಲದಿಂದ ಎತ್ತರಿಸಿ, ನಡುವೆ ಒಣಪಟ್ಟಿಗಳನ್ನಿಟ್ಟು ಪೇರಿಸಿ, ತುದಿಗಳಿಗೆ ಬಣ್ಣವನ್ನೋ ಮೇಣವನ್ನೋ ಬಳಿದು ತಿಂಗಳುಗಟ್ಟಲೆ ಬಿಡಬೇಕು. ಬಿದಿರನ್ನಾದರೆ ಕಡಿದ ಮೇಲೆ ಕೆಲವು ವಾರ ಹೊಳೆಯಲ್ಲೋ ಕೆರೆಯಲ್ಲೋ ಮುಳುಗಿಸಿಡುತ್ತಿದ್ದರು. ಪಿಷ್ಟ ಕರಗಿಹೋಗಿ ಕುಟ್ಟೆಗೆ ಊಟ ಕಡಿಮೆಯಾಗುತ್ತದೆ. ಪೇಟೆಯ ಮನೆಗಳ ಸಿಂಕಿನ ಕೆಳಗಿನ ಕಪಾಟಿಗೆ ನೀರು ತಡೆಯುವ, ಐಎಸ್ 710 ಗುರುತಿನ ಮೆರೈನ್ ಪ್ಲೈವುಡ್ ಕೇಳಿ ಪಡೆಯಿರಿ, ಬೀರುಗಳನ್ನು ಗೋಡೆಯಿಂದ ನಾಲ್ಕು ಬೆರಳು ದೂರವಿಡಿ.

ಎಣ್ಣೆಗಳಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಅಗಸೆ ಎಣ್ಣೆ. ಕಂಬ, ತೊಟ್ಟಿಲು, ಕುರ್ಚಿಗಳು ಪೂರ್ತಿ ಒಣಗಿರುವ ಮಾರ್ಚ್, ಏಪ್ರಿಲ್ ತಿಂಗಳಲ್ಲಿ ಮೊದಲ ಕೋಟ್‌ಗೆ ಟರ್ಪೆಂಟೈನ್ ಬೆರೆಸಿ ತೆಳ್ಳಗೆ ಹಚ್ಚಿ, ಹೀರಿದ ಮೇಲೆ ಉಳಿದದ್ದನ್ನು ಒರೆಸಿ ತೆಗೆಯಬೇಕು. ತೇವವಿರುವ ಮರಕ್ಕೆ ಎಣ್ಣೆಯಾಗಲಿ ವಾರ್ನಿಷ್ ಆಗಲಿ ಹಚ್ಚಿದರೆ ನೀರನ್ನು ಒಳಗೆ ಕೂಡಿಹಾಕಿದಂತೆ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ; ಅಗಸೆ ಎಣ್ಣೆ ಒಣಗುವಾಗ ಬಿಸಿಯೇರಿ ಮುದ್ದೆಯೊಳಗೆ ತಾನಾಗಿಯೇ ಬೆಂಕಿ ಹೊತ್ತಿಕೊಳ್ಳಬಹುದು. ಬಯಲಿನಲ್ಲಿ ಬಿಡಿಸಿ ಒಣಗಿಸಿ ಅಥವಾ ನೀರಿನಲ್ಲಿ ನೆನೆಸಿಡಿ. ಕರಾವಳಿಯವರು ದೋಣಿಗೂ ಮಾಡಿನ ಮರಕ್ಕೂ ಬಳಿಯುವ ಗೇರೆಣ್ಣೆ, ಅಂದರೆ ಗೇರುಬೀಜದ ಸಿಪ್ಪೆಯ ಎಣ್ಣೆ, ಹುಳಕ್ಕೂ ನೀರಿಗೂ ಗಟ್ಟಿ ತಡೆ, ಆದರೆ ಮೈಗೆ ತಾಗಿದರೆ ಬೊಕ್ಕೆ ಏಳುವುದರಿಂದ ಮಕ್ಕಳು ಮುಟ್ಟುವ ಕಡೆ ಬೇಡ. ಅಡಿಗೆಯ ಮರದ ಸಾಮಾನಿಗೆ ಬೂಷ್ಟು ಹಿಡಿಯದಂತೆ ಚೆನ್ನಾಗಿ ಒಣಗಿಸಿ ಕೊಬ್ಬರಿ ಎಣ್ಣೆ ಸವರಿದರೆ ಸಾಕು.

ಮಣ್ಣಿಗೆ ಹೂಳುವ ಕಂಬಗಳಿಗೆ ಮಾತ್ರ ಮನೆಮದ್ದು ಸಾಲುವುದಿಲ್ಲ, ಒತ್ತಡದಲ್ಲಿ ಔಷಧಿ ಇಳಿಸಿದ ಮರವೇ ಬೇಕು. ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಸೇರಿದ ಅಂಥ ಔಷಧಿಯನ್ನು 1933ರಲ್ಲಿ ರೂಪಿಸಿದವರು ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿದ್ದ ಸೊಂಟಿ ಕಾಮೇಶಂ. ಬೆಂಗಳೂರಿನ ಮಲ್ಲೇಶ್ವರದಲ್ಲಿಯೂ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ. ದೊಡ್ಡ ಕೆಲಸ ಹಿಡಿಯುವವರು ಅಲ್ಲಿ ವಿಚಾರಿಸಬಹುದು. ಹೀಗೆ ಔಷಧಿ ಇಳಿಸಿದ, ಹಸಿರು ಛಾಯೆಯ ಹಳೆಯ ಕಂಬಗಳು ಮುರಿದಾಗ ಒಣಸೌದೆ ಸಿಕ್ಕಿತೆಂದು ಬಚ್ಚಲ ಒಲೆಗೆ ಹಾಕುವುದನ್ನು ಕಂಡಿದ್ದೇನೆ. ಅದರ ಹೊಗೆಯಲ್ಲೂ ಬೂದಿಯಲ್ಲೂ ಆರ್ಸೆನಿಕ್ ಇರುತ್ತದೆ. ಆ ಚೂರುಗಳನ್ನು ಸೌದೆಮನೆಗೆ ಸೇರಿಸಬೇಡಿ, ಅದರ ಬೂದಿಯನ್ನು ತರಕಾರಿ ಪಾತಿಗೂ ಪಾತ್ರೆ ತಿಕ್ಕುವುದಕ್ಕೂ ಬಳಸಬೇಡಿ.