ಹೊಸ ಟ್ಯಾಂಕಿಗೆ ಮೀನು ಬಿಡುವ ಮುಂಚೆ ಸೈಕ್ಲಿಂಗ್ ಮಾಡುವುದು ಹೇಗೆ

ಹೊಸ ಟ್ಯಾಂಕಿಗೆ ನೀರು ತುಂಬಿಸಿ, ಒಂದು ದಿನ ಫಿಲ್ಟರ್ ಓಡಿಸಿ, ಮರುದಿನವೇ ಮೀನು ಬಿಟ್ಟರೆ ಮೊದಲ ಕೆಲವು ದಿನ ಎಲ್ಲ ಚೆನ್ನಾಗಿಯೇ ಕಾಣುತ್ತದೆ. ಆಮೇಲೆ ಮೀನುಗಳು ಮೇಲಕ್ಕೆ ಬಂದು ಬಾಯಿ ಬಿಡತೊಡಗುತ್ತವೆ, ಕಿವಿರು ಕೆಂಪಗಾಗುತ್ತದೆ, ಒಂದೊಂದಾಗಿ ಸಾಯುತ್ತವೆ. ನೀರು ಮಾತ್ರ ತಿಳಿಯಾಗಿಯೇ ಇರುತ್ತದೆ. ಕೊಲ್ಲುವುದು ಕಣ್ಣಿಗೆ ಕಾಣದ ಅಮೋನಿಯಾ.

ಮೀನಿನ ಕಿವಿರಿನಿಂದ, ಹಿಕ್ಕೆಯಿಂದ, ತಿನ್ನದೆ ಉಳಿದ ಆಹಾರದಿಂದ ಅಮೋನಿಯಾ ಹುಟ್ಟುತ್ತಲೇ ಇರುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ. ಅದೂ ವಿಷವೇ, ರಕ್ತ ಆಮ್ಲಜನಕ ಹೊರದಂತೆ ಮಾಡುತ್ತದೆ. ಇನ್ನೊಂದು ಬಗೆಯದು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಇದು ಸ್ವಲ್ಪ ಇದ್ದರೆ ತೊಂದರೆಯಿಲ್ಲ, ನೀರು ಬದಲಿಸಿದರೆ ಹೋಗುತ್ತದೆ. ಈ ಬ್ಯಾಕ್ಟೀರಿಯಾಗಳು ನೀರಿನಲ್ಲಿ ತೇಲಿಕೊಂಡಿರುವುದು ಕಡಿಮೆ, ಫಿಲ್ಟರಿನ ಸ್ಪಾಂಜಿಗೂ ಜಲ್ಲಿಗೂ ಅಂಟಿಕೊಂಡು ಬೆಳೆಯುತ್ತವೆ. ಮೀನಿಲ್ಲದೆಯೇ ಅವನ್ನು ಬೆಳೆಸಿಕೊಳ್ಳುವುದೇ ಸೈಕ್ಲಿಂಗ್. ನಾಲ್ಕರಿಂದ ಆರು ವಾರ ಬೇಕು.

ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಟ್ಯಾಂಕನ್ನೇ ಲೆಕ್ಕಕ್ಕೆ ಇಟ್ಟುಕೊಳ್ಳೋಣ. ಜಲ್ಲಿ ಹಾಕಿ, ಮೇಲೆ ಸ್ವಲ್ಪ ಜಾಗ ಬಿಟ್ಟರೆ ಸುಮಾರು 45 ಲೀಟರ್ ನೀರು ಹಿಡಿಯುತ್ತದೆ. ಸ್ಪಾಂಜ್ ಫಿಲ್ಟರ್, ಏರ್ ಪಂಪ್, ಹನಿ ಹಾಕಿ ನೋಡುವ ಟೆಸ್ಟ್ ಕಿಟ್ ಬೇಕು. ಕಾಗದದ ಪಟ್ಟಿ ಅಗ್ಗ, ಆದರೆ ಅನೇಕ ಪಟ್ಟಿಗಳಲ್ಲಿ ಅಮೋನಿಯಾ ಪರೀಕ್ಷೆಯೇ ಇರುವುದಿಲ್ಲ. ನಲ್ಲಿ ನೀರಾದರೆ ಕ್ಲೋರಿನ್ ಕಳೆಯುವ ಔಷಧಿ, ಅಂದರೆ ಆಂಟಿ-ಕ್ಲೋರಿನ್, ಹಾಕಲೇಬೇಕು. ನಲ್ಲಿಯಲ್ಲಿ ಸೂಕ್ಷ್ಮಜೀವಿ ಕೊಲ್ಲಲು ಹಾಕಿದ ಕ್ಲೋರಿನ್ ನಿಮ್ಮ ಟ್ಯಾಂಕಿನಲ್ಲೂ ಅದೇ ಕೆಲಸ ಮಾಡುತ್ತದೆ.

ಅಮೋನಿಯಾಕ್ಕೆ ಅಮೋನಿಯಂ ಕ್ಲೋರೈಡ್ ಪುಡಿ ಒಳ್ಳೆಯದು. ಕಲಾಯಿ ಹಾಕುವವರು ಬಳಸುವ ನವಸಾಗರವೂ ಇದೇ. ಆದರೆ ಅದರಲ್ಲಿ ಬೇರೆ ಏನು ಬೆರೆತಿದೆಯೋ ತಿಳಿಯದು, ಪ್ರಯೋಗಾಲಯದ ಸಾಮಾನು ಮಾರುವ ಅಂಗಡಿಯ ಶುದ್ಧ ಪುಡಿಯನ್ನೇ ತನ್ನಿ. 10 ಗ್ರಾಂ ಪುಡಿಯನ್ನು ನೀರಿನಲ್ಲಿ ಕರಗಿಸಿ ಒಟ್ಟು 500 ಮಿ.ಲೀ. ಮಾಡಿಟ್ಟುಕೊಳ್ಳಿ. ಇದರಲ್ಲಿ 14 ಮಿ.ಲೀ. ಹಾಕಿದರೆ 45 ಲೀಟರ್ ನೀರಿನಲ್ಲಿ ಅಮೋನಿಯಾ 2 ಪಿಪಿಎಂ, ಅಂದರೆ ಲೀಟರಿಗೆ 2 ಮಿಲಿಗ್ರಾಂ, ಆಗುತ್ತದೆ. ಸೂಜಿಯಿಲ್ಲದ ಸಿರಿಂಜಿನಲ್ಲಿ ಅಳೆಯಿರಿ. ಬೇಗ ಆಗಲಿ ಎಂದು ಹೆಚ್ಚು ಸುರಿಯಬೇಡಿ: 5 ಪಿಪಿಎಂ ದಾಟಿದರೆ ಬೆಳೆಯಬೇಕಾದ ಬ್ಯಾಕ್ಟೀರಿಯಾವೇ ಕುಂಠಿತವಾಗುತ್ತದೆ. ದಿನಾ ಚಿಟಿಕೆ ಮೀನಿನ ಆಹಾರ ಹಾಕಿ ಕೊಳೆಸುವ ಹಳೆಯ ವಿಧಾನವೂ ಇದೆ. ಎಷ್ಟು ಅಮೋನಿಯಾ ಬಂತೆಂಬ ಲೆಕ್ಕ ಸಿಗುವುದಿಲ್ಲ, ತಳದಲ್ಲಿ ಬೂಷ್ಟು ಹಿಡಿಯುತ್ತದೆ.

ಫಿಲ್ಟರ್ ಹಗಲೂ ರಾತ್ರಿಯೂ ಓಡುತ್ತಿರಲಿ, ಲೈಟ್ ಆರಿಸಿಡಿ, ಇಲ್ಲದಿದ್ದರೆ ಪಾಚಿ ಬೆಳೆಯುತ್ತದೆ. ನೀರು 26ರಿಂದ 28 ಡಿಗ್ರಿ ಇದ್ದರೆ ಸರಿ. ಆರೋಗ್ಯವಾದ ಹಳೆಯ ಟ್ಯಾಂಕಿನ ಸ್ಪಾಂಜ್ ಯಾರಲ್ಲಾದರೂ ಸಿಕ್ಕರೆ ಅದನ್ನು ನಿಮ್ಮ ಟ್ಯಾಂಕಿನಲ್ಲೇ ಹಿಂಡಿ. ನೀರು ಕೊಳಕಾಗುತ್ತದೆ, ಆಗಲಿ. ಇದಕ್ಕಿಂತ ಒಳ್ಳೆಯ ಹೆಪ್ಪು ಯಾವ ಬಾಟಲಿಯಲ್ಲೂ ಇಲ್ಲ, ವಾರಗಟ್ಟಲೆ ಸಮಯ ಉಳಿಯುತ್ತದೆ. ಮೊದಲ ವಾರದಲ್ಲಿ ನೀರು ಹಾಲು ಬೆರೆಸಿದಂತೆ ಮಬ್ಬಾದರೆ ಗಾಬರಿ ಬೇಡ, ತಾನಾಗಿ ತಿಳಿಯಾಗುತ್ತದೆ.

ಎರಡು ದಿನಕ್ಕೊಮ್ಮೆ ಪರೀಕ್ಷಿಸಿ. ಅಮೋನಿಯಾ 0.5ಕ್ಕಿಂತ ಇಳಿದಾಗ ಮತ್ತೆ 14 ಮಿ.ಲೀ. ಹಾಕಿ. ನೈಟ್ರೈಟ್ ಕಾಣಿಸಿದ ಮೇಲೆ ಪ್ರಮಾಣವನ್ನು ಅರ್ಧಕ್ಕೆ, ಅಂದರೆ 7 ಮಿ.ಲೀ.ಗೆ ಇಳಿಸಿ, ಮೂರು ದಿನಕ್ಕೊಮ್ಮೆ ಕೊಡಿ. ಏಕೆಂದರೆ 1 ಪಿಪಿಎಂ ಅಮೋನಿಯಾದಿಂದ ಸುಮಾರು 2.7 ಪಿಪಿಎಂ ನೈಟ್ರೈಟ್ ಹುಟ್ಟುತ್ತದೆ, ಬೇಗ ಏರಿಬಿಡುತ್ತದೆ. ನೈಟ್ರೈಟ್ ಕಿಟ್ಟಿನ ಬಣ್ಣದ ಪಟ್ಟಿಯ ಕೊನೆಯ ಬಣ್ಣದಲ್ಲೇ ನಿಂತುಬಿಟ್ಟರೆ ಅರ್ಧ ನೀರು ಬದಲಿಸಿ. ಎಲ್ಲರ ತಾಳ್ಮೆ ಕೆಡುವುದು ಈ ಹಂತದಲ್ಲೇ.

ನೈಟ್ರೇಟ್ ಪರೀಕ್ಷೆಯಲ್ಲಿ ಒಂದು ಎಚ್ಚರ. ಎರಡು ಬಾಟಲಿಯ ಕಿಟ್ಟುಗಳಲ್ಲಿ ಎರಡನೇ ಬಾಟಲಿಯ ದ್ರಾವಣ ತಳದಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಬಾಟಲಿಯನ್ನು ಮೇಜಿಗೆ ತಟ್ಟಿ, ಅರ್ಧ ನಿಮಿಷ ಜೋರಾಗಿ ಕುಲುಕಿ. ಹನಿ ಹಾಕಿದ ಮೇಲೆ ಟ್ಯೂಬನ್ನೂ ಒಂದು ನಿಮಿಷ ಕುಲುಕಿ. ಇಲ್ಲವಾದರೆ ನೈಟ್ರೇಟ್ ಎಷ್ಟಿದ್ದರೂ ಸೊನ್ನೆಯ ಬಣ್ಣವಾದ ಹಳದಿಯೇ ಬರುತ್ತದೆ.

ಮೂರು ವಾರವಾದರೂ ಏನೂ ಕದಲದಿದ್ದರೆ ಪಿಎಚ್, ಅಂದರೆ ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಎಂಬ ಅಳತೆ, ನೋಡಿ. ಈ ಕ್ರಿಯೆ ನೀರಿನ ಕ್ಷಾರವನ್ನು ತಿನ್ನುತ್ತಾ ಹೋಗುತ್ತದೆ. ಬೋರ್‌ವೆಲ್‌ನ ಗಡಸು ನೀರಿಗೆ ಇದು ಅಷ್ಟಾಗಿ ತಟ್ಟದು, ಆದರೆ ಮಳೆ ನೀರು, ಕರಾವಳಿಯ ಮುರಕಲ್ಲಿನ ಬಾವಿಯ ಮೆದು ನೀರು, ಆರ್‌ಒ ನೀರಿನಲ್ಲಿ ಪಿಎಚ್ ಕುಸಿಯುತ್ತದೆ. 6.5ಕ್ಕಿಂತ ಕೆಳಗೆ ಬ್ಯಾಕ್ಟೀರಿಯಾ ಮಂದವಾಗುತ್ತದೆ, 6ರ ಹತ್ತಿರ ಬಹುತೇಕ ನಿಂತೇಹೋಗುತ್ತದೆ. ಅರ್ಧ ಟೀಚಮಚ ಅಡುಗೆ ಸೋಡಾ ಕರಗಿಸಿ ಹಾಕಿ, ಮರುದಿನ ಮತ್ತೆ ಅಳೆಯಿರಿ.

2 ಪಿಪಿಎಂ ಅಮೋನಿಯಾ ಹಾಕಿದ 24 ಗಂಟೆಯಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬಂದರೆ ಟ್ಯಾಂಕ್ ಸಿದ್ಧ. ಒಂದು ಸಲ ನಂಬಬೇಡಿ, ಮರುದಿನವೂ ಹಾಗೇ ಆಗಬೇಕು. ಆಮೇಲೆ ಮುಕ್ಕಾಲು ಪಾಲು ನೀರು ತೆಗೆದು, ಕ್ಲೋರಿನ್ ಕಳೆದ ನೀರು ತುಂಬಿಸಿ, ಅಂದೋ ಮರುದಿನವೋ ಐದಾರು ಗಪ್ಪಿ ಬಿಡಿ. ಮೀನು ಸಿಗುವುದು ತಡವಾದರೆ ಎರಡು ದಿನಕ್ಕೊಮ್ಮೆ 7 ಮಿ.ಲೀ. ಹಾಕುತ್ತಿರಿ, ಇಲ್ಲವಾದರೆ ಬೆಳೆಸಿದ್ದು ಹಸಿವಿನಿಂದ ಸೊರಗುತ್ತದೆ. ಮೀನು ತರುವ ಮುನ್ನ ಎರಡೂ ಸೊನ್ನೆಯಿದೆಯೆಂದು ಮತ್ತೆ ನೋಡಿ. ಸ್ಪಾಂಜನ್ನು ನಲ್ಲಿ ಕೆಳಗೆ ತೊಳೆಯಬೇಡಿ, ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಎರಡು ಸಲ ಹಿಂಡಿದರೆ ಸಾಕು. ಮೊದಲ ವಾರ ದಿನಾ ಅಮೋನಿಯಾ ನೋಡಿ, 0.25 ಕಂಡರೂ ಮೂರನೇ ಒಂದು ಭಾಗ ನೀರು ಬದಲಿಸಿ, ಆ ದಿನ ಮೀನಿಗೆ ಊಟ ಹಾಕಬೇಡಿ.